ಏಳು ಪದರ ಸುಣ್ಣ

"ಇವ್ರಿಗೆ ಸುಣ್ಣ ಹೊಡ್ಸೋಕೂ ದುಡ್ಡಿಲ್ವಾ ಮಾರಾಯ?"

ಚರ್ಚಿನ ಒಳಗೆ ಕಾಲಿಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಕುಮಟಾ ಕಡೆಯ ನಮ್ಮೂರಿಂದ ಮೂರು ತಿಂಗಳಿಗೆಂದು ಬಂದವಳು. ಇಂಗ್ಲೆಂಡಿನ ಸ್ವಿಂಡನ್‌ನ ನಮ್ಮ ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು. ಲಂಡನ್ ಆಗಿತ್ತು, ಬಾತ್ ನಗರ ಆಗಿತ್ತು. ಜನ ಜಾಸ್ತಿ ಇಲ್ಲದ ಕಡೆ ಕರ್ಕೊಂಡು ಹೋಗು ಅಂದಳು. ಹಾಗಾಗಿ ಮೇ ತಿಂಗಳ ಒಂದು ಶನಿವಾರ ಹೈವರ್ತ್ ದಾಟಿ ಲೆಚ್‌ಲೇಡ್ ದಾರಿ ಹಿಡಿದೆ. ಊರು ಸಿಗೋಕೆ ಸ್ವಲ್ಪ ಮೊದಲು ಒಂದು ಇಕ್ಕಟ್ಟಾದ ಹಾದಿಗೆ ಕಾರು ತಿರುಗಿಸಿದೆ. ಹಾದಿ ಮುಗಿಯುವಲ್ಲಿ ನಾಲ್ಕಾರು ಮನೆ, ಒಂದು ತೋಟದ ಕಟ್ಟಡ, ಹುಲ್ಲು ಬೆಳೆದ ಸಮಾಧಿಗಳು, ನಡುವೆ ಈ ಪುಟ್ಟ ಚರ್ಚು. ಇಂಗಲ್‌ಶಮ್‌ನ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್.

ಹೊರಗಿನಿಂದ ನೋಡಿದರೆ ನಿರಾಸೆಯೇ ಆಗುತ್ತದೆ. ಗೋಪುರವೂ ಇಲ್ಲ, ಚೂಪು ಶಿಖರವೂ ಇಲ್ಲ. ಮಾಡಿನ ಒಂದು ತುದಿಯಲ್ಲಿ ಎರಡು ಗಂಟೆ ನೇತುಹಾಕುವಷ್ಟು ಪುಟ್ಟ ಕಲ್ಲಿನ ಗೂಡು, ಅಷ್ಟೇ. ಆಚೆ ಹುಲ್ಲುಗಾವಲು, ಅದರಾಚೆ ಥೇಮ್ಸ್. ಲಂಡನ್‌ನಲ್ಲಿ ಸೇತುವೆಗಳ ಕೆಳಗೆ ಗಂಭೀರವಾಗಿ ಹರಿಯುವ ಆ ಥೇಮ್ಸ್ ಇಲ್ಲಿ ನಮ್ಮ ಕಡೆಯ ಹಳ್ಳದ ಹಾಗೆ. ದೋಣಿಗಳು ಇಲ್ಲಿಯವರೆಗೆ ಬರುತ್ತವೆ, ಇದರಿಂದ ಮೇಲೆ ಹೊಳೆ ಕಿರಿದು.

ಅಮ್ಮನ ಪ್ರಶ್ನೆಗೆ ಆಗ ಸರಿಯಾದ ಉತ್ತರ ಕೊಡೋಕೆ ಆಗಲಿಲ್ಲ. ಯಾಕಂದರೆ ಸುಣ್ಣ ಹೊಡೆದಿದ್ದಾರೆ. ಒಂದು ಸಲ ಅಲ್ಲ, ಹಲವು ಸಲ. ಈ ಗೋಡೆಗಳ ಮೇಲೆ ಕೆಲವು ಕಡೆ ಏಳು ಪದರದವರೆಗೆ ಸುಣ್ಣ, ಬಣ್ಣ, ಬರಹ ಒಂದರ ಮೇಲೊಂದು ಕೂತಿವೆ. ಅತಿ ಕೆಳಗಿನದು 13ನೇ ಶತಮಾನದ್ದು, ಮೇಲಿನದು 19ನೆಯದ್ದು. ಪದರಗಳು ಅಲ್ಲಲ್ಲಿ ಉದುರಿವೆ. ಹಾಗಾಗಿ ಒಂದು ಕಡೆ ಕೆಮ್ಮಣ್ಣಿನ ಗೆರೆ ಕಾಣುತ್ತದೆ. ಅದರ ಪಕ್ಕದಲ್ಲೇ ದಪ್ಪ ಕಪ್ಪು ಅಕ್ಷರದ ಇಂಗ್ಲಿಷ್ ಬರಹ ಅರ್ಧಕ್ಕೆ ನಿಂತಿದೆ. ಆ ಬರಹದ ಹೊಟ್ಟೆಯೊಳಗಿಂದ ಇನ್ನೊಂದು ಹಳೆಯ ಬರಹ ಇಣುಕುತ್ತದೆ. ಓದೋಕೆ ಹೋದರೆ ಒಂದು ಸಾಲಿನಿಂದ ಇನ್ನೊಂದು ಶತಮಾನಕ್ಕೆ ಜಾರಿಬಿಡುತ್ತೀರಿ.

ಈ ಗೋಡೆ ಹೀಗೆ ಉಳಿದದ್ದು ಆಕಸ್ಮಿಕವಲ್ಲ. ಒಬ್ಬ ಮನುಷ್ಯ ಹಟ ಹಿಡಿದು ಹೀಗೇ ಉಳಿಸಿದ. ಆ ಕಥೆಗೆ ಬರುವ ಮೊದಲು ಗೋಡೆಯ ಕಥೆ ಹೇಳಬೇಕು.

ಇಲ್ಲಿ ಸ್ಯಾಕ್ಸನ್ ಕಾಲದಿಂದಲೂ, ಅಂದರೆ 1066ಕ್ಕೂ ಮೊದಲಿನಿಂದ ಚರ್ಚಿತ್ತು. ಅದಕ್ಕೆ ಸಾಕ್ಷಿ ದಕ್ಷಿಣದ ಗೋಡೆಯಲ್ಲಿ ಕೂರಿಸಿರುವ ಒಂದು ಕಲ್ಲು. ಅದರ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ, ಮೇರಿ ಮತ್ತು ಯೇಸು. ಮೇಲಿಂದ ಒಂದು ಕೈ ಮಾತ್ರ ಇಳಿದು ಬಂದು ಮಗುವಿನ ಕಡೆಗೆ ತೋರಿಸುತ್ತಿದೆ. ದೇವರ ಕೈ. ಮುಖ, ಮೈ ಯಾವುದೂ ಇಲ್ಲ, ಬರೀ ಕೈ. ಕೆತ್ತನೆ ಸವೆದು ಹೋಗಿದೆ, ಆದರೂ ತಾಯಿ ಮುಂದಕ್ಕೆ ಬಾಗಿರುವ ರೀತಿ ಮಾತ್ರ ಚೂರೂ ಮಾಸಿಲ್ಲ. ಈ ಕಲ್ಲು ಹಿಂದೆ ಹೊರಗಿನ ಗೋಡೆಯಲ್ಲಿತ್ತಂತೆ. ಬಿಸಿಲು ಚೆನ್ನಾಗಿ ಬೀಳುತ್ತಿದ್ದ ಕಾರಣ ಯಾರೋ ಅದನ್ನೇ ನೆರಳು ಗಡಿಯಾರ ಮಾಡಿಕೊಂಡಿದ್ದರು. ಮೇರಿ ಮಾತೆಯ ಮೈಮೇಲೆ ಕಡ್ಡಿ ನೆಟ್ಟು ಪ್ರಾರ್ಥನೆಗೆ ಹೊತ್ತಾಯಿತೇ ಎಂದು ನೋಡುವುದು! ಭಕ್ತಿ ಬೇರೆ, ಉಪಯೋಗ ಬೇರೆ ಅಂತ ಆ ಜನಕ್ಕೆ ಅನ್ನಿಸಿರಲಿಕ್ಕಿಲ್ಲ.

ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಳು. "ಯಶೋದೆ ಹಾಗೇ ಇದಾಳೆ" ಅಂದಳು.

ಈಗಿರುವ ಕಟ್ಟಡದ ಬಹುಪಾಲು ಸುಮಾರು 1205ರ ಹೊತ್ತಿನದು. ಅದೇ ವರ್ಷ ಜಾನ್ ದೊರೆ ಈ ಚರ್ಚನ್ನು ಬ್ಯೂಲಿ ಮಠದ ಸಿಸ್ಟರ್ಶಿಯನ್ ಪಂಥದ ಸನ್ಯಾಸಿಗಳಿಗೆ ಕೊಟ್ಟ. ಹೌದು, ಹತ್ತು ವರ್ಷದ ನಂತರ, ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾಕ್ಕೆ ಒಲ್ಲದ ಮನಸ್ಸಿನಿಂದ ಮುದ್ರೆ ಒತ್ತಿದ ಅದೇ ಜಾನ್. ಆಗ ಇಲ್ಲಿ ಒಂದು ಹಳ್ಳಿ ಇತ್ತು. ಆಮೇಲೆ ಹಳ್ಳಿ ಸವೆಯುತ್ತಾ ಬಂತು. ಈಗ ಹೊಲದಲ್ಲಿ ಉಬ್ಬು ತಗ್ಗುಗಳಾಗಿ ಮಾತ್ರ ಉಳಿದಿದೆ. ಜನ ಹೋದರು, ಚರ್ಚು ನಿಂತಿತು.

ಮಧ್ಯಯುಗದ ಚರ್ಚುಗಳನ್ನು ನೆನೆದರೆ ನಮಗೆ ಬೂದು ಕಲ್ಲು ಕಣ್ಣಿಗೆ ಬರುತ್ತದೆ. ತಣ್ಣಗೆ, ಬೋಳಾಗಿ, ಗಂಭೀರವಾಗಿ. ನಿಜಕ್ಕೂ ಅವು ಹಾಗಿರಲಿಲ್ಲ. ಒರಟು ಕಲ್ಲಿನ ಗೋಡೆಗೆ ಒಳಗೆ ಸುಣ್ಣದ ಗಾರೆ ಮೆತ್ತುತ್ತಿದ್ದರು, ಎಷ್ಟೋ ಕಡೆ ಹೊರಗೂ. ಅದರ ಮೇಲೆ ಕೆಂಪು ಮಣ್ಣು, ಹಳದಿ ಮಣ್ಣಿನ ಬಣ್ಣದಲ್ಲಿ ಚಿತ್ರ. ಬಣ್ಣಕ್ಕೆ ದುಡ್ಡಿಲ್ಲದಿದ್ದರೆ ಕೆಂಪು ಗೆರೆ ಎಳೆದು ದೊಡ್ಡ ದೊಡ್ಡ ಕಲ್ಲಿನ ಇಟ್ಟಿಗೆ ಕಟ್ಟಿದ ಹಾಗೆ ತೋರಿಸುವುದು. ಕಲ್ಲಿನ ಗೋಡೆಯ ಮೇಲೆ ಸುಳ್ಳು ಕಲ್ಲಿನ ಚಿತ್ರ! ಓದು ಬಾರದ ರೈತ ಭಾನುವಾರ ಬಂದು ನಿಂತರೆ ಸುತ್ತಲೂ ಸಂತರು, ದೇವದೂತರು, ಕೊನೆಯ ತೀರ್ಪಿನ ದಿನ ನರಕಕ್ಕೆ ಬೀಳುವ ಪಾಪಿಗಳು. ನಮ್ಮಲ್ಲಿ ಯಕ್ಷಗಾನ ನೋಡಿ ಪುರಾಣ ಕಲಿತ ಹಾಗೆ ಆ ಜನ ಗೋಡೆ ನೋಡಿ ಕಲಿತರು.

1547ರಲ್ಲಿ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದ. ವಯಸ್ಸು ಒಂಬತ್ತು. ಸುತ್ತ ಇದ್ದವರು ಕಟ್ಟಾ ಪ್ರಾಟೆಸ್ಟಂಟರು. ವಿಗ್ರಹ ಬೇಡ, ಗೋಡೆಯ ಮೇಲಿನ ಚಿತ್ರವೂ ಬೇಡ ಎಂದು ಆಜ್ಞೆ ಹೊರಟಿತು. ದೇಶದ ಉದ್ದಗಲಕ್ಕೂ ಊರಿನ ಗಾರೆಯವರು ಬಕೆಟ್ಟು, ಕುಂಚ ಹಿಡಿದು ಸಂತರ ಮುಖದ ಮೇಲೆ ಸುಣ್ಣ ಬಳಿದರು. ಖಾಲಿಯಾದ ಬಿಳಿ ಗೋಡೆಯ ಮೇಲೆ ಆಮೇಲೆ ಬೈಬಲ್ಲಿನ ವಾಕ್ಯ, ಹತ್ತು ಆಜ್ಞೆಗಳು, ಕರ್ತನ ಪ್ರಾರ್ಥನೆ ಬರೆಸಿದರು. ಚಿತ್ರದ ಜಾಗಕ್ಕೆ ಅಕ್ಷರ ಬಂತು. ಅಕ್ಷರ ಮಾಸಿದಾಗ ಮತ್ತೆ ಸುಣ್ಣ, ಮತ್ತೆ ಅಕ್ಷರ.

ಇದರಲ್ಲಿ ಒಂದು ತಮಾಷೆ ಇದೆ. ಅಳಿಸೋಕೆಂದು ಬಳಿದ ಸುಣ್ಣವೇ ಆ ಚಿತ್ರಗಳನ್ನು ಕಾಪಾಡಿತು. ಬೆಳಕು ಬೀಳಲಿಲ್ಲ, ಮಸಿ ಮುಟ್ಟಲಿಲ್ಲ, ಯಾರ ಕೈಯೂ ತಾಗಲಿಲ್ಲ. ಮುನ್ನೂರು ವರ್ಷ ಕಂಬಳಿ ಹೊದ್ದು ಮಲಗಿದ ಹಾಗೆ. ನಿಜವಾದ ಕಂಟಕ ಬಂದದ್ದು ಅವನ್ನು ದ್ವೇಷಿಸಿದವರಿಂದಲ್ಲ, ಚರ್ಚನ್ನು ಬಹಳ ಪ್ರೀತಿಸಿದವರಿಂದ.

19ನೇ ಶತಮಾನದ ಮಾತು. 1839ರಲ್ಲಿ ಕೇಂಬ್ರಿಜ್‌ನ ಕೆಲವು ವಿದ್ಯಾರ್ಥಿಗಳು ಸೇರಿ ಒಂದು ಸಂಘ ಕಟ್ಟಿದರು, ಕೇಂಬ್ರಿಜ್ ಕ್ಯಾಮ್ಡೆನ್ ಸೊಸೈಟಿ ಅಂತ. ಚರ್ಚು ಹೇಗಿರಬೇಕು ಎಂಬುದರ ಬಗ್ಗೆ ಈ ಹುಡುಗರಿಗೆ ಖಚಿತ ಅಭಿಪ್ರಾಯವಿತ್ತು. 14ನೇ ಶತಮಾನದ ಆಸುಪಾಸಿನ ಶೈಲಿಯೇ ಶುದ್ಧ, ಉಳಿದದ್ದೆಲ್ಲ ಒಂದೋ ಎಳಸು ಇಲ್ಲವೇ ಕೊಳೆತದ್ದು. ಹುಡುಗರ ಮಾತು ಅಂತ ದೇಶ ನಗಬೇಕಿತ್ತು. ನಗಲಿಲ್ಲ, ಕೇಳಿತು. 1840ರಿಂದ 1875ರ ಒಳಗೆ 7000ಕ್ಕೂ ಹೆಚ್ಚು ಹಳೆಯ ಚರ್ಚುಗಳಿಗೆ ಜೀರ್ಣೋದ್ಧಾರವಾಯಿತು. ಪೆಟ್ಟಿಗೆಯಂಥ ಹಳೆಯ ಬೆಂಚು ಹೊರಗೆ ಹೋದವು. ಒಳಗಿನ ಗಾರೆಯನ್ನು ಕೆರೆದು ಕಲ್ಲು ಬೋಳಾಗಿಸಿದರು, ಚೊಕ್ಕವಾಗಿ ಕಾಣಲಿ ಅಂತ. ಗಾರೆಯ ಜೊತೆ ಚಿತ್ರ, ಬರಹ, ಎಲ್ಲವೂ ಬುಟ್ಟಿಗೆ. ನಾವು ಈಗ ಯಾವುದನ್ನು ಮಧ್ಯಯುಗದ ಬೂದು ಕಲ್ಲಿನ ಸೊಬಗು ಅಂತ ಮೆಚ್ಚಿ ಫೋಟೋ ಹೊಡೆಯುತ್ತೇವೋ, ಅದು ಎಷ್ಟೋ ಕಡೆ ವಿಕ್ಟೋರಿಯಾ ರಾಣಿಯ ಕಾಲದವರು ಚರ್ಮ ಸುಲಿದು ಬಿಟ್ಟ ಗೋಡೆ.

ಅವರನ್ನು ಸುಮ್ನೆ ಬೈಯೋದು ಸುಲಭ. ಆದರೆ ಎಷ್ಟೋ ಚರ್ಚುಗಳು ಆಗ ನಿಜಕ್ಕೂ ಬೀಳುವ ಸ್ಥಿತಿಯಲ್ಲಿದ್ದವು. ಮಾಡು ಸೋರುತ್ತಿತ್ತು, ನೆಲ ಒದ್ದೆ. ಅವರು ದುಡ್ಡು ಕೂಡಿಸಿದರು, ಮಾಡು ಮುಚ್ಚಿದರು. ಅವರಿಲ್ಲದಿದ್ದರೆ ಇವತ್ತು ಬೋಳು ಕಲ್ಲೂ ಇರುತ್ತಿರಲಿಲ್ಲ. ರಿಪೇರಿ ಎಲ್ಲಿ ಮುಗಿಯಿತು, ತಮ್ಮ ಇಷ್ಟ ಎಲ್ಲಿ ಶುರುವಾಯಿತು ಅನ್ನೋದು ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗೋದು ಕಷ್ಟವೂ ಹೌದು.

ಗೊತ್ತಾದವನು ವಿಲಿಯಂ ಮಾರಿಸ್. 1834ರಲ್ಲಿ ಹುಟ್ಟಿದವನು. ಕವಿ, ವಾಲ್‌ಪೇಪರಿನ ಬಳ್ಳಿ ಹೂಗಳ ಚಿತ್ರಕಾರ, ಆಮೇಲೆ ಬೀದಿಯಲ್ಲಿ ನಿಂತು ಭಾಷಣ ಮಾಡುವ ಸಮಾಜವಾದಿ. 1871ರಿಂದ ಇಂಗಲ್‌ಶಮ್‌ಗೆ ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿ ಹೊಳೆದಂಡೆಯ ಹಳೇ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದ. 1876ರಲ್ಲಿ ಹತ್ತಿರದ ಬರ್ಫರ್ಡ್ ಊರಿಗೆ ಹೋದಾಗ ಅಲ್ಲಿನ ದೊಡ್ಡ ಚರ್ಚಿನಲ್ಲಿ ಕೆರೆಯುವ ಕೆಲಸ ನಡೆದಿತ್ತು. ಆ ಜೀರ್ಣೋದ್ಧಾರದ ವಾಸ್ತುಶಿಲ್ಪಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್. ಇಪ್ಪತ್ತು ವರ್ಷದ ಹಿಂದೆ ಮಾರಿಸ್ ಕೆಲಸ ಕಲಿಯೋಕೆ ಸೇರಿದ್ದು ಇದೇ ಸ್ಟ್ರೀಟ್‌ನ ಕಚೇರಿಗೆ! ಮಾರಿಸ್ ಅಲ್ಲಿನ ಪಾದ್ರಿಯ ಹತ್ತಿರ ಆಕ್ಷೇಪ ತೆಗೆದನಂತೆ. ಅದಕ್ಕೆ ಪಾದ್ರಿ ಕೊಟ್ಟ ಉತ್ತರವನ್ನು ಇಲ್ಲಿನ ಜನ ಇನ್ನೂ ಹೇಳಿ ನಗುತ್ತಾರೆ: ಸ್ವಾಮಿ, ಈ ಚರ್ಚು ನನ್ನದು, ಮನಸ್ಸು ಬಂದರೆ ಇದರೊಳಗೆ ತಲೆ ಕೆಳಗೆ ಮಾಡಿ ನಿಲ್ತೀನಿ.

ಮರುವರ್ಷ, 1877ರ ಮಾರ್ಚಿನಲ್ಲಿ ಮಾರಿಸ್ ಪತ್ರಿಕೆಗೆ ಕಾಗದ ಬರೆದ. ಆ ಹೊತ್ತಿಗೆ ಟ್ಯೂಕ್ಸ್‌ಬರಿಯ ದೊಡ್ಡ ಚರ್ಚಿಗೂ ಜೀರ್ಣೋದ್ಧಾರದ ಗಂಡಾಂತರ ಬಂದಿತ್ತು. ಅದೇ ವರ್ಷ ವಾಸ್ತುಶಿಲ್ಪಿ ಗೆಳೆಯ ಫಿಲಿಪ್ ವೆಬ್ ಮೊದಲಾದವರ ಜೊತೆ ಹಳೆಯ ಕಟ್ಟಡಗಳ ರಕ್ಷಣಾ ಸಂಘ ಹುಟ್ಟಿತು. ಅದಕ್ಕೆ ಅವನೇ ಇಟ್ಟ ಅಡ್ಡಹೆಸರು ಆ್ಯಂಟಿ-ಸ್ಕ್ರೇಪ್. ಅಂದ್ರೆ ಕೆರೆಯಬೇಡಿ ಸಂಘ! ಸಂಘ ಈಗಲೂ ಇದೆ. ಅವನು ಬರೆದ ಪ್ರಣಾಳಿಕೆಗೆ ಈಗಲೂ ಸದಸ್ಯರು ಒಪ್ಪಿಗೆ ಕೊಡುತ್ತಾರೆ. ಅದರಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿದ್ದು: ಜೀರ್ಣೋದ್ಧಾರದ ಜಾಗದಲ್ಲಿ ರಕ್ಷಣೆ ಇರಲಿ, ದಿನದಿನದ ಆರೈಕೆಯಿಂದ ಹಾಳಾಗುವುದನ್ನು ತಡೆಯಿರಿ.

ಇದನ್ನು ಅಮ್ಮನಿಗೆ ಹೇಗೆ ಹೇಳೋದು? "ಹೆಂಚು ಕೈಯಾಡಿಸೋದು ಅಂದ್ಕೋ" ಅಂದೆ. ತಟ್ಟನೆ ಅರ್ಥವಾಯಿತು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಮಾಡು ಹತ್ತಿ, ಒಡೆದ ಹೆಂಚು ತೆಗೆದು, ಜಾರಿದ್ದನ್ನು ಸರಿಸಿ, ಮಳೆನೀರು ಹರಿಯುವ ದಂಬೆಯಲ್ಲಿ ತುಂಬಿದ ಎಲೆ ಗೋರಿ ಹಾಕುತ್ತಾರಲ್ಲ, ಅದೇ. ಅಜ್ಜ ಇದ್ದಷ್ಟು ಕಾಲ ಮೇ ತಿಂಗಳಲ್ಲಿ ಈ ಕೆಲಸ ತಪ್ಪಿಸಿದವನಲ್ಲ. ಆ ಮನೆಗೆ ನೂರು ವರ್ಷದ ಮೇಲಾಯಿತು, ಒಂದು ಸಲವೂ ಅದಕ್ಕೆ ಜೀರ್ಣೋದ್ಧಾರ ಅಂತ ಆಗಲಿಲ್ಲ. ಬೇಕಾಗಲಿಲ್ಲ.

ಮಾರಿಸ್ ಬಗ್ಗೆ ಇನ್ನೊಂದು ವಿಷಯ. ಅವನ ಕಂಪನಿ ಚರ್ಚುಗಳಿಗೆ ಬಣ್ಣದ ಗಾಜಿನ ಕಿಟಕಿ ಮಾಡಿಕೊಡುತ್ತಿತ್ತು. ಜೀರ್ಣೋದ್ಧಾರ ಜಾಸ್ತಿಯಾದಷ್ಟೂ ಕಿಟಕಿಯ ಆರ್ಡರ್ ಜಾಸ್ತಿ. ಸಂಘ ಕಟ್ಟಿದ ಮೇಲೆ ಅವನು ಜೀರ್ಣೋದ್ಧಾರ ನಡೆದಿರುವ ಹಳೆಯ ಚರ್ಚುಗಳಿಗೆ ಕಿಟಕಿ ಮಾಡಿಕೊಡುವುದಿಲ್ಲ ಎಂದುಬಿಟ್ಟ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡ. ಉಪದೇಶ ಮಾಡುವವರನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಇದನ್ನು ಓದಿದ ಮೇಲೆ ಇವನನ್ನು ನಂಬಿದೆ.

ಇಂಗಲ್‌ಶಮ್ ಹೇಗೆ ಉಳಿದಿತ್ತು ಅಂದರೆ, ಬಡತನದಿಂದ. ಇದ್ದದ್ದೇ ಬೆರಳೆಣಿಕೆಯ ಮನೆ. ಇಲ್ಲಿ ಜೀರ್ಣೋದ್ಧಾರಕ್ಕೆ ದುಡ್ಡು ಕೊಡುವವರು ಯಾರು? ಅಕ್ಕಪಕ್ಕದ ಶ್ರೀಮಂತ ಊರಿನ ಚರ್ಚುಗಳೆಲ್ಲ ಹೊಸ ಉಡುಪು ತೊಟ್ಟಾಗ ಇದು ಹಳೇ ಪಂಚೆಯಲ್ಲೇ ಉಳಿಯಿತು. ಆದರೆ 1880ರ ದಶಕಕ್ಕೆ ಅದೂ ಹರಿಯುವ ಹಾಗಾಗಿತ್ತು. 1888-89ರಲ್ಲಿ ಮಾರಿಸ್ ಓಡಾಡಿ ಸಹಾಯ ಮಾಡಿ, ಜಾನ್ ಥಾಮಸ್ ಮಿಕಲ್‌ಥ್ವೇಟ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಕೆಲಸ ಮಾಡಿಸಿದ. ಟ್ಯೂಕ್ಸ್‌ಬರಿಯ ವಿಷಯದಲ್ಲಿ ಮಾರಿಸ್ ಯಾರ ಮೇಲೆ ಹರಿಹಾಯ್ದಿದ್ದನೋ ಆ ವಾಸ್ತುಶಿಲ್ಪಿ ಗಿಲ್ಬರ್ಟ್ ಸ್ಕಾಟ್‌ನ ಶಿಷ್ಯನೇ ಈ ಮಿಕಲ್‌ಥ್ವೇಟ್. ಗುರುವಿನ ದಾರಿ ಬಿಟ್ಟು ಬಂದವನು.

ಅವರು ಮಾಡಿದ ಕೆಲಸದ ವಿಶೇಷ ಏನೆಂದರೆ, ಕೆಲಸ ಮಾಡಿದ್ದು ಕಾಣುವುದಿಲ್ಲ. ಬೀಳುವುದನ್ನು ನಿಲ್ಲಿಸಿದರು, ಉಳಿದದ್ದನ್ನು ಮುಟ್ಟಲಿಲ್ಲ. 15ನೇ ಶತಮಾನದ ಮರದ ತಡಿಕೆಗಳು ಹಾಗೇ ನಿಂತಿವೆ. ಎತ್ತರದ ಪೀಠದಲ್ಲಿ ಪಾದ್ರಿ ನಿಂತು ಉಪದೇಶ ಮಾಡುವ ಜಾಗದ ಮೇಲೆ, ದನಿ ಹಿಂದಕ್ಕೆ ಹೋಗದ ಹಾಗೆ ಕಟ್ಟಿದ ಮರದ ಚಾವಣಿಯೂ ಇದೆ. ಪೆಟ್ಟಿಗೆ ಬೆಂಚುಗಳೂ ಇವೆ. ಇವನ್ನು ಸ್ವಲ್ಪ ಹೇಳಬೇಕು. ನಾಲ್ಕೂ ಕಡೆ ಎದೆಯೆತ್ತರದ ಹಲಗೆ, ಒಂದು ಕಡೆ ಸಣ್ಣ ಬಾಗಿಲು. ಒಂದೊಂದು ಸಂಸಾರ ಒಂದೊಂದು ಪೆಟ್ಟಿಗೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂರುವುದು. ಚಳಿಗಾಳಿಗೆ ತಡೆಯೂ ಆಯಿತು, ಪಕ್ಕದವರಿಗಿಂತ ನಾವು ಬೇರೆ ಅಂತ ತೋರಿಸಿದ ಹಾಗೂ ಆಯಿತು. ಎಲ್ಲೆಲ್ಲೂ ಇವನ್ನು ಕಿತ್ತರು, ದೇವರ ಮುಂದೆ ಮೇಲು ಕೀಳು ಬೇಡ ಅಂತ. ಆ ಕಾರಣ ಒಳ್ಳೆಯದೇ. ಸಮಾಜವಾದಿ ಮಾರಿಸ್‌ಗೂ ಮೇಲು ಕೀಳು ಹಿಡಿಸುತ್ತಿರಲಿಲ್ಲ. ಆದರೂ ಅವನು ಬೆಂಚು ಕೀಳಿಸಲಿಲ್ಲ. ಜನ ಹೀಗೆ ಕೂತಿದ್ದರು ಅನ್ನೋದಕ್ಕೆ ಒಂದು ಸಾಕ್ಷಿ ಬೇಕಲ್ವಾ?

ನಾನು ಒಂದು ಪೆಟ್ಟಿಗೆಯ ಬಾಗಿಲು ತೆರೆದು ಒಳಗೆ ಕೂತೆ. ಮರ ವಾಲಿದೆ. ಹಲಗೆಯ ಮೇಲಂಚು ಕೈ ಇಟ್ಟೂ ಇಟ್ಟೂ ಎಣ್ಣೆ ಹಚ್ಚಿದ ಹಾಗೆ ನುಣುಪಾಗಿದೆ. ಕೂತವನಿಗೆ ಮುಂದಿನ ಸಂಸಾರ ಕಾಣುವುದಿಲ್ಲ, ಗೋಡೆ ಕಾಣುತ್ತದೆ. ಗೋಡೆಯಲ್ಲಿ ಆ ಅರ್ಧ ಅಕ್ಷರಗಳು. ಉಪದೇಶ ಉದ್ದವಾದಾಗ ಎಷ್ಟು ಮಕ್ಕಳು ಆ ಅಕ್ಷರ ಎಣಿಸುತ್ತಾ ಕೂತಿದ್ದರೋ.

ಗೋಡೆಯ ಮೇಲೆ ಮಾರಿಸ್‌ನ ನೆನಪಿಗೊಂದು ಫಲಕವಿದೆ. ಈ ಚರ್ಚನ್ನು ಪ್ರೀತಿಸಿದ ವಿಲಿಯಂ ಮಾರಿಸ್‌ನ ಉತ್ಸಾಹ ಮತ್ತು ನೆರವಿನಿಂದ 1888-89ರಲ್ಲಿ ಇದು ರಿಪೇರಿಯಾಯಿತು, ಇಷ್ಟೇ ಅದರ ತಾತ್ಪರ್ಯ. ರಿಪೇರಿ. ಜೀರ್ಣೋದ್ಧಾರ ಅಂತ ಬರೆದಿಲ್ಲ. ಬರೆದವರು ಪದ ತೂಗಿ ಹಾಕಿದ್ದಾರೆ.

ಅಮ್ಮ ಅದನ್ನು ಓದಿಸಿಕೊಂಡು, "ಎಷ್ಟು ಕೊಟ್ಟ ಅಂತ ಹಾಕಿಲ್ವಲ್ಲ?" ಅಂದಳು.

ನಗು ಬಂತು. ಆಮೇಲೆ ನಗು ಹೋಯಿತು. ಯಾಕಂದರೆ ನಮ್ಮೂರ ದೇವಸ್ಥಾನದ ಗೋಡೆಯ ಮೇಲೆ ಗ್ರಾನೈಟಿನಲ್ಲಿ ಕೊರೆದ ದಾನಿಗಳ ಪಟ್ಟಿಯಲ್ಲಿ ನನ್ನ ಹೆಸರಿದೆ. ಎದುರಿಗೆ ಮೊತ್ತವೂ ಇದೆ. ಕೆಲವು ವರ್ಷದ ಹಿಂದೆ ಜೀರ್ಣೋದ್ಧಾರ ಅಂತ ಫೋನು ಬಂದಾಗ ಇಲ್ಲಿಂದಲೇ ದುಡ್ಡು ಹಾಕಿದ್ದೆ. ಏನು ಮಾಡ್ತೀರಿ ಅಂತ ಕೇಳಲಿಲ್ಲ. ಆಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಫಳಫಳ ಟೈಲ್ಸು, ಕಂಬಕ್ಕೆ ಬಂಗಾರದ ಬಣ್ಣದ ಪೇಂಟು. ಕೈ ಮುಗಿದ ಚಿಹ್ನೆ ಒತ್ತಿ ಸುಮ್ಮನಾದೆ.

ಆ ಗೋಡೆಯಲ್ಲಿ ಕಾವಿ ಚಿತ್ರ ಇತ್ತು. ನಮ್ಮ ಕರಾವಳಿಯ ಕಾವಿ ಕಲೆ ಗೊತ್ತಿರುವವರಿಗೆ ಗೊತ್ತು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಅದು ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಕೆಂಪಿನ ನಡುವೆ ಬಿಳಿ ಚಿತ್ರ ಏಳುತ್ತದೆ. ಕೆರೆಯಬೇಡಿ ಸಂಘದವರಿಗೆ ಹೇಳಿದರೆ ಬೆಚ್ಚಿಬೀಳುತ್ತಾರೇನೋ, ಇದು ಕೆರೆದೇ ಮಾಡುವ ಕಲೆ! ಚಿಕ್ಕವನಿದ್ದಾಗ ಪ್ರದಕ್ಷಿಣೆ ಹಾಕುತ್ತಾ ಆ ಬಳ್ಳಿಯ ಮೇಲೆ ಬೆರಳು ಎಳೆದುಕೊಂಡು ಹೋಗುತ್ತಿದ್ದೆ. ಇಂಗಲ್‌ಶಮ್‌ನ ಗೋಡೆಯ ಕೆಂಪು ಗೆರೆ ಕಂಡಾಗ ಬೆರಳಿಗೆ ಮೊದಲು ನೆನಪಾದದ್ದು ಅದೇ.

"ನಮ್ಮ ಗೋಡೆಗೂ ಹೀಗೇ ಕೆಂಪು ಇತ್ತಲ್ಲ" ಅಂದಳು ಅಮ್ಮ, ತನ್ನಷ್ಟಕ್ಕೇ. ನಾನು ಮಾತಾಡಲಿಲ್ಲ.

ಮಾರಿಸ್ 1896ರ ಅಕ್ಟೋಬರಿನಲ್ಲಿ ತೀರಿಕೊಂಡ. ಕೆಲ್ಮ್‌ಸ್ಕಾಟ್‌ನ ಚರ್ಚಿನ ಅಂಗಳದಲ್ಲಿ ಅವನ ಸಮಾಧಿ. ವೆಬ್ ಅದಕ್ಕೆ ಮನೆಯ ಮಾಡಿನ ಆಕಾರದ ಕಲ್ಲು ಇಡಿಸಿದ. ಇಂಗಲ್‌ಶಮ್‌ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಳ್ಳೆಯ ಮನಸ್ಸಿನಿಂದ ಹಾಳು ಮಾಡುವ ಚಾಳಿ ಮುಂದಿನ ಶತಮಾನಕ್ಕೂ ಬಂತು. ಇಂಗ್ಲೆಂಡಿನ ಎಷ್ಟೋ ಚರ್ಚುಗಳಲ್ಲಿ ಸುಣ್ಣದ ಕೆಳಗಿನ ಚಿತ್ರಗಳನ್ನು ಹೊರತೆಗೆದು, ಉದುರದಿರಲಿ ಅಂತ ಮೇಲೆ ಮೇಣ ಹಚ್ಚಿದರು. ಈ ಕೆಲಸದಲ್ಲಿ ಆಗ ದೊಡ್ಡ ಹೆಸರು ಅರ್ನೆಸ್ಟ್ ಟ್ರಿಸ್ಟ್ರಮ್. ಚಿತ್ರಗಳನ್ನು ಅವನಷ್ಟು ಪ್ರೀತಿಯಿಂದ ಹುಡುಕಿ ನಕಲು ಮಾಡಿಟ್ಟವರು ಕಡಿಮೆ. ಆದರೆ ಮೇಣ ಗೋಡೆಯ ಉಸಿರು ಕಟ್ಟಿಸಿತು. ಒಳಗಿನ ತೇವ ಹೊರಬರಲಾಗದೆ ಬಣ್ಣವನ್ನೇ ಹೊರಗೆ ತಳ್ಳಿತು. ಮೇಣಕ್ಕೆ ದೂಳು ಹತ್ತಿ ಚಿತ್ರ ಕಪ್ಪಾಯಿತು. ಆಮೇಲಿನ ತಲೆಮಾರಿನವರು ಬಹಳ ಕಷ್ಟಪಟ್ಟು ಆ ಮೇಣ ತೆಗೆಯಬೇಕಾಯಿತು.

ಸಿಮೆಂಟಿನದೂ ಇದೇ ಕಥೆ. ಹಳೆಯ ಗೋಡೆಯ ಸಂದಿಗೆ ತುಂಬಿದ್ದು ಸುಣ್ಣ. ಸುಣ್ಣ ಮೆತ್ತಗೆ, ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಗೋಡೆ ಸ್ವಲ್ಪ ಅಲುಗಿದರೆ ಅದೂ ಅಲುಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಸಂದಿಯಿಂದ ಹೊರಬರುವ ದಾರಿ ಮುಚ್ಚಿತು. ಆಗ ಅದು ಕಲ್ಲಿನ ಮೂಲಕವೇ ಬರುತ್ತದೆ. ಚಳಿಗಾಲದಲ್ಲಿ ಕಲ್ಲಿನೊಳಗೆ ಹೆಪ್ಪುಗಟ್ಟಿ ಹಿಗ್ಗಿ, ಮುಖವನ್ನೇ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಗಟ್ಟಿ ಸಿಮೆಂಟು ಹಾಗೇ ನಿಂತಿರುತ್ತದೆ, ಕಲ್ಲು ಕರಗಿರುತ್ತದೆ. ಇಲ್ಲಿನ ಹಳೆಯ ಗೋಡೆಗಳಲ್ಲಿ ಸಂದಿಯ ಗೆರೆ ಮಾತ್ರ ಜೇನುಗೂಡಿನ ಹಾಗೆ ಎದ್ದು ನಿಂತು, ಕಲ್ಲು ಗುಳಿಬಿದ್ದದ್ದು ಕಂಡರೆ ಅದು ಯಾರೋ ಗಟ್ಟಿಯಾಗಿರಲಿ ಅಂತ ಸಿಮೆಂಟ್ ಹಾಕಿದ ಫಲ. ಹಾಗಾಗಿ ಈಗ ಇಂಥ ಕಟ್ಟಡಗಳಲ್ಲಿ ಮತ್ತೆ ಸುಣ್ಣ. ಸುಟ್ಟು, ನೀರಲ್ಲಿ ಅರಳಿಸಿ, ತಿಂಗಳುಗಟ್ಟಲೆ ಮಾಗಿಸಿದ ಸುಣ್ಣ. ಅಜ್ಜಿ ಇದನ್ನು ಕೇಳಿದ್ದರೆ ಇದಕ್ಕೂ ಕಾಲೇಜಿಗೆ ಹೋಗ್ಬೇಕಾ ಅನ್ನುತ್ತಿದ್ದಳು. ಹೌದು ಅಜ್ಜಿ, ಮರೆತ ಮೇಲೆ ಹೋಗ್ಬೇಕಾಗುತ್ತೆ.

ಮಾರಿಸ್‌ನ ಸಂಘದ ಹಳೆಯ ಕೆಲಸಗಾರರ ಒಂದು ಉಪಾಯ ನನಗೆ ಬಹಳ ಇಷ್ಟ. ಕಲ್ಲು ಸವೆದು ಹೋದ ಕಡೆ ಹಳೆಯದರಂತೆ ಕಾಣುವ ಹೊಸ ಕಲ್ಲು ಕೆತ್ತಿ ಕೂರಿಸುವುದಿಲ್ಲ. ಹೆಂಚಿನ ತುಂಡುಗಳನ್ನು ಒಂದರ ಮೇಲೊಂದು ಸುಣ್ಣದಲ್ಲಿ ಕೂರಿಸಿ ಆ ಗುಳಿ ತುಂಬುವುದು. ನೋಡಿದ ಕೂಡಲೇ ಇದು ತೇಪೆ ಅಂತ ಗೊತ್ತಾಗಬೇಕು. ಅಂಗಿಗೆ ತೇಪೆ ಹಾಕಿದವರು ಅದನ್ನು ಮುಚ್ಚಿಡದ ಹಾಗೆ.

1979ರಲ್ಲಿ ಇಂಗಲ್‌ಶಮ್‌ನ ಚರ್ಚು ಇನ್ನು ಅಗತ್ಯವಿಲ್ಲ ಎಂದು ಘೋಷಣೆಯಾಯಿತು. ಪ್ರಾರ್ಥನೆಗೆ ಬರುವವರೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಇಂಥ ಚರ್ಚುಗಳಿಗೆಂದೇ 1969ರಲ್ಲಿ ಒಂದು ನಿಧಿ ಶುರುವಾಗಿತ್ತು. ಈಗ ಅದರ ಹೆಸರು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್. 350ಕ್ಕೂ ಹೆಚ್ಚು ಚರ್ಚು ಅವರ ಕೈಯಲ್ಲಿವೆ, ಇದೂ ಒಂದು. ಪಾವಿತ್ರ್ಯ ತೆಗೆದಿಲ್ಲ, ಬೇಕೆಂದರೆ ಯಾವಾಗಾದರೊಮ್ಮೆ ಪ್ರಾರ್ಥನೆ ಮಾಡಬಹುದು. ಉಳಿದ ದಿನ ನಮ್ಮಂಥವರು ಬಂದು ಹೋಗುವುದು.

"ಹಂಗಾದ್ರೆ ದೀಪ ಹಚ್ಚೋರು ಯಾರು?" ಅಮ್ಮನ ಮುಂದಿನ ಪ್ರಶ್ನೆ.

ಯಾರೂ ಇಲ್ಲ. ನನಗೆ ಇಡೀ ವಿಷಯದಲ್ಲಿ ಮುಳ್ಳಿನ ಹಾಗೆ ಚುಚ್ಚುವ ಜಾಗ ಇದು. ಏನನ್ನೂ ಮುಟ್ಟದೆ ಉಳಿಸುವುದು ಜನ ಬರದ ಚರ್ಚಿನಲ್ಲಿ ಸುಲಭ. ಜನ ಇರುವ ಕಡೆ? ನಮ್ಮ ಪಕ್ಕದ ಮನೆಯಾಕೆಗೆ ಎಪ್ಪತ್ತು ದಾಟಿದೆ. ಆಚೆ ಊರಿನ ಮಧ್ಯಯುಗದ ಚರ್ಚಿನ ಉಸ್ತುವಾರಿ ಅವರ ಮೇಲಿದೆ. ಅವರ ಮಾತು ಕೇಳಿದರೆ ಬೇರೆಯದೇ ಲೋಕ. ಮಾಡಿನ ಸೀಸದ ತಗಡನ್ನು ರಾತ್ರೋರಾತ್ರಿ ಕಳ್ಳರು ಸುತ್ತಿಕೊಂಡು ಹೋಗುತ್ತಾರೆ. ಬಾವಲಿಗಳು ಗೂಡು ಮಾಡಿವೆ, ಅವನ್ನು ಕಾನೂನಿನ ಪ್ರಕಾರ ಓಡಿಸುವ ಹಾಗಿಲ್ಲ. ಪ್ರತಿ ಭಾನುವಾರ ಬೆಂಚಿನ ಮೇಲಿನ ಹಿಕ್ಕೆ ಒರೆಸಬೇಕು. ಮುದುಕರಿಗೆ ಒಂದು ಟಾಯ್ಲೆಟ್ ಬೇಕು, ಮಕ್ಕಳ ಗುಂಪು ಸೇರೋಕೆ ಸ್ವಲ್ಪ ಖಾಲಿ ಜಾಗ ಬೇಕು. ಅದಕ್ಕೆ ನಾಲ್ಕು ಬೆಂಚು ತೆಗೆಯಬೇಕು. ಅದಕ್ಕೆ ಡಯಾಸಿಸ್‌ನಿಂದ, ಅಂದ್ರೆ ಬಿಷಪ್ಪರ ಆಡಳಿತದಿಂದ, ಅಪ್ಪಣೆ ಬೇಕು, ಅರ್ಜಿ, ಆಕ್ಷೇಪಣೆ, ಕಾಯುವಿಕೆ. ಆ ಬೆಂಚುಗಳಾದರೂ ಎಂಥವು? ವಿಕ್ಟೋರಿಯಾ ಕಾಲದವು. ಪೆಟ್ಟಿಗೆ ಬೆಂಚು ಕಿತ್ತು ಆ ಜಾಗದಲ್ಲಿ ಕೂರಿಸಿದವು! ಈಗ ಅವೇ ಪುರಾತನ, ಅವನ್ನು ಕೀಳಬೇಡಿ ಅನ್ನುವವರಿದ್ದಾರೆ.

"ಮಾರಿಸ್ ಒಳ್ಳೆಯವನೇ. ಆದರೆ ಅವನಿಗೆ ನನ್ನ ಹಾಗೆ ಬಕೆಟ್ ಹಿಡಿದು ಸೋರೋ ಜಾಗ ಹುಡುಕಬೇಕಾಗಿರಲಿಲ್ಲ" ಅಂದರು ಒಮ್ಮೆ. ಆಮೇಲೆ ತಾವೇ, "ಆದರೂ ನವೆಂಬರ್‌ನಲ್ಲಿ ಎಲೆ ಉದುರಿದ ಮೇಲೆ ದಂಬೆ ಸ್ವಚ್ಛ ಮಾಡಿದ ವರ್ಷ ಸೋರೋದಿಲ್ಲ ನೋಡಿ" ಅಂದರು. ದಂಬೆ ಅನ್ನೋದು ನನ್ನ ಅನುವಾದ. ಅವರು ಹೇಳಿದ್ದು ಗಟರ್ ಅಂತ. ವಿಷಯ ಅದೇ.

ಇಂಗಲ್‌ಶಮ್‌ನಿಂದ ಹೊರಡುವ ಮೊದಲು ಚರ್ಚಿಗೆ ಒಂದು ಸುತ್ತು ಹಾಕಿದೆವು. ಪ್ರದಕ್ಷಿಣೆ ಅಂತೇನೂ ಅಲ್ಲ, ಆದರೂ ಅಮ್ಮ ಬಲಗಡೆಯಿಂದಲೇ ಶುರು ಮಾಡಿದಳು. ಮೇ ತಿಂಗಳ ಹುಲ್ಲು ಮೊಣಕಾಲಿನವರೆಗೆ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ. ಊರಲ್ಲಿ ಈಗ ಸೆಖೆ, ಆಕಾಶ ನೋಡುವ ಕಾಲ.

ಉತ್ತರದ ಗೋಡೆಯ ಬುಡದಲ್ಲಿ ಅಮ್ಮ ನಿಂತಳು. ಎರಡು ಕಲ್ಲಿನ ಸಂದಿಯಲ್ಲಿ ಗೇಣುದ್ದದ ಒಂದು ಗಿಡ. ನಮ್ಮ ಕಡೆ ಗೋಡೆ ಸಂದಿಯಲ್ಲಿ ಅರಳಿ ಗಿಡ ಹುಟ್ಟುವ ಹಾಗೆ. ಯಾವ ಗಿಡವೋ ನನಗೆ ಗೊತ್ತಾಗಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಅವಳು ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು ಬಗ್ಗಿದಳು.

"ಅಮ್ಮ, ಇಲ್ಲಿ ಏನೂ ಮುಟ್ಟೋ ಹಾಗಿಲ್ಲ."

"ಬೇರು ದಪ್ಪ ಆದ್ರೆ ಕಲ್ಲು ಸೀಳತ್ತೆ. ಮುಟ್ಟೋರು ಯಾರು ಮತ್ತೆ?"

ಬುಡದ ಹತ್ತಿರ ಹಿಡಿದು, ಅತ್ತಿತ್ತ ಅಲುಗಿಸಿ, ಮೆಲ್ಲಗೆ ಎಳೆದಳು. ಬೇರು ಪೂರ್ತಿ ಬಂತು. ಜೊತೆಗೆ ಒಂದು ಚಿಟಿಕೆ ಬಿಳಿ ಪುಡಿ ಉದುರಿತು. ಅದನ್ನು ಬೆರಳಲ್ಲಿ ಉಜ್ಜಿ ನೋಡಿ "ಸುಣ್ಣ" ಅಂದಳು. ಗಿಡವನ್ನು ಬೇಲಿಯಾಚೆ ಹುಲ್ಲಿಗೆ ಎಸೆದು, ಕೈಗೆ ನೀರು ಹಾಕು ಅಂತ ನನ್ನ ಬಾಟಲಿ ಕೇಳಿದಳು.